ದಿಬ್ಬಕ್ಕೆ ಮುಖ ಕೊಟ್ಟ ಮರಿಲಾರಿ

ಎಲ್ಲ ಅನಾಹುತಕ್ಕೂ ಮೂಲ ಒಂದು ಪಂಪು. ಗಾತ್ರದಲ್ಲಿ ಮಜ್ಜಿಗೆ ಗಿಂಡಿಯಷ್ಟೂ ಇಲ್ಲ. ಆದರೆ ಆ ವರ್ಷದ ಹೊಸ ಮಾಡಲ್ ಮರಿಲಾರಿಯ ಎಂಜಿನ್ನಿಗೆ ಕಂಪನಿಯವರು ಅದನ್ನು ಸೇರಿಸಿದ್ದರು. ಅಜ್ಜಂಪುರದ ಷಡಕ್ಷರಿ ನೋಡಿದವನೇ ಮರುಳಾಗಿ ಲಾರಿಯನ್ನು ಕೊಂಡುಬಿಟ್ಟ.

ಅವನ ಹಳೆಯ ಲಾರಿಯಲ್ಲಿ ಪೆಟ್ರೋಲಿನ ಟ್ಯಾಂಕು ಸೀಟಿನ ಕೆಳಗಿತ್ತು. ಪೆಟ್ರೋಲು ಅಲ್ಲಿಂದ ತಾನಾಗಿಯೇ ಎಂಜಿನ್ನಿಗೆ ಹರಿಯಬೇಕು. ಸಮನೆಲದಲ್ಲಿ ಹರಿಯುತ್ತಿತ್ತು. ಕಡಿದಾದ ಏರಿನಲ್ಲಿ ಲಾರಿಯ ಮೂತಿ ಮೇಲಾಯಿತೋ, ಪೆಟ್ರೋಲು ಟ್ಯಾಂಕಿನಲ್ಲೇ ಕಾಲು ಚಾಚಿ ಮಲಗುತ್ತಿತ್ತು; ಎಂಜಿನ್ನು ‘ಢುಕು... ಢುಕ್... ಢುಃ’ ಎಂದು ಪ್ರಾಣ ಬಿಡುತ್ತಿತ್ತು. ಅದಕ್ಕೆ ಷಡಕ್ಷರಿ ಕಂಡುಕೊಂಡ ಉಪಾಯ ಒಂದೇ: ಲಾರಿಯನ್ನು ತಿರುಗಿಸಿ, ಕತ್ತನ್ನೂ ತಿರುಗಿಸಿ, ಹಿಂದುಮುಂದಾಗಿ ಹತ್ತುವುದು. ಲೋಕದಲ್ಲಿ ಎಲ್ಲರೂ ಮುಂದೆ ಬಂದು ಮೇಲೇರಿದರೆ ಇವನು ಹಿಂದೆ ಹೋಗಿ ಮೇಲೇರಿದವನು.

ಹಾಗೆ ವಾರವಾರವೂ ತೆಂಗಿನಕಾಯಿ ತುಂಬಲು ದಿಬ್ಬದಹಳ್ಳಿಗೆ ಹತ್ತುವಾಗಲೇ ಈರಭದ್ರಪ್ಪನ ಮಗಳು ಮಲ್ಲಿಕಾಂಬ ಬಾವಿಕಟ್ಟೆಯ ಬಳಿ ಕಣ್ಣಿಗೆ ಬಿದ್ದದ್ದು. ಕಣ್ಣಿಗೆ ಎಂದರೆ ಒಂದೇ ಕಣ್ಣಿಗೆ; ಇನ್ನೊಂದು ಕಣ್ಣು ಪಕ್ಕದ ಹಳ್ಳಕ್ಕೆ ಮೀಸಲು. ಅವಳಿಗಾದರೂ ಕಂಡದ್ದು ಇವನ ಒಂದೇ ಕೆನ್ನೆ. ಅಷ್ಟರಲ್ಲೇ ಮಾತು ಮದುವೆಯವರೆಗೆ ಬಂದಿತ್ತು.

ಇವತ್ತು ಒಪ್ಪುವೀಳ್ಯ, ಮದುವೆ ಗಟ್ಟಿಮಾಡುವ ಶಾಸ್ತ್ರ. ಸೋದರತ್ತೆ ತೀರ್ಥಮ್ಮ ವೀಳ್ಯದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದರು. ಹೊಸ ಎಂಜಿನ್ನು ಒಲೆಯ ಮುಂದೆ ಮಲಗಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು. ರಾಗಿಹೊಲಗಳು ಎರಡೂ ಬದಿಗೆ ತೇಲಿಹೋಗುತ್ತಿದ್ದವು. ಷಡಕ್ಷರಿಯ ಮನಸ್ಸು ಲಾರಿಗಿಂತ ಮುಂಚೆಯೇ ದಿಬ್ಬದ ಮೇಲಿತ್ತು: ಬಾವಿಕಟ್ಟೆಯ ಬಳಿ ಮಲ್ಲಿಕಾಂಬ, ಬೆಳ್ಳಗಿನ ಬಿಸಿಲು, ಗಾಜಿನ ಹಿಂದೆ ನೆಟ್ಟಗೆ ಕೂತ ತಾನು, ಎರಡೂ ಕಣ್ಣು, ಎರಡೂ ಕೆನ್ನೆ...

“ಲೇ, ಹುಣಸೆಮರ ಬಂತು. ತಿರುಗಿಸಲ್ವೇನೋ?”

“ಬೇಡ ಕಣತ್ತೆ. ಇದ್ರಲ್ಲಿ ಪಂಪೈತೆ. ಪೆಟ್ರೋಲ್ನ ಕಿವಿ ಹಿಡ್ಕೊಂಡು ಮೇಲಕ್ಕೆ ಎಳ್ಕೊಂಡ್ ಬತ್ತದೆ.”

“ಯಾವ ಪಂಪನೋ ಏನೋ. ನಾನಂತೂ ತಟ್ಟೆ ಗಟ್ಟಿಯಾಗಿ ಹಿಡ್ಕೊತೀನಿ.”

ಲಾರಿ ದಿಬ್ಬಕ್ಕೆ ಮುಖ ಕೊಟ್ಟಿತು. ನಿಲ್ಲಲಿಲ್ಲ, ಕೆಮ್ಮಲಿಲ್ಲ, ಮೋಡದ ಮೇಲೆ ನಡೆದ ಹಾಗೆ ಹತ್ತಿತು. ಮೇಲೆ ತೋರಣ ಕಟ್ಟಿತ್ತು. ಆದರೆ ಲಾರಿಯ ಮೂತಿ ಕಂಡದ್ದೇ ತಡ, ಆರತಿ ಹಿಡಿದ ಹೆಂಗಸರು ಒಳಗೋಡಿ ಬಾಗಿಲು ಹಾಕಿಕೊಂಡರು. ಈರಭದ್ರಪ್ಪ ರುಮಾಲು ಬಿಚ್ಚಿಹೋದರೂ ಲೆಕ್ಕಿಸದೆ ಓಡಿಬಂದ.

“ನಿಲ್ಸೋ! ಮುಖ ಮಾಡ್ಕೊಂಡು ಬಂದ್ಯೇನೋ, ಮನೆಹಾಳ!”

“ಮಾವಾ, ಹೊಸ ಮಾಡಲ್ಲು...”

“ಮಾವ ಇನ್ನೂ ಆಗಿಲ್ಲ! ಈ ದಿಬ್ಬದ ಮೇಲೆ ಖಾತೆಗೆ ಸೇರದ ತೋಟ ಎಷ್ಟೈತೆ ಗೊತ್ತೇನೋ? ಸರ್ಕಾರದ ಲೆಕ್ಕದಾಗೆ ಇದು ಬೋಳುಗುಡ್ಡ ಕಣೋ! ಕಂದಾಯದ ಹೊಸ ಅಮಲ್ದಾರ್ರು ಮೈಭಾರದೋರು, ಕುದುರೆ ಒಲ್ಲದು, ಮೋಟಾರೇ ಆಗ್ಬೇಕು. ಅವರ ಮೋಟಾರೂ ನಿನ್ನ ಹಳೇದ್ರ ಜಾತೀದೇ. ಅರ್ಧ ಏರಿಗೇ ನಿಂತೋಯ್ತು. ಹಿಂದುಮುಂದಾಗಿ ಹತ್ತಿ ಸ್ವಾಮಿ ಅಂದ್ರೆ...” ಈರಭದ್ರಪ್ಪ ಹೊಟ್ಟೆ ಮುಂದೆ ಮಾಡಿ, ಗಂಟಲು ದಪ್ಪ ಮಾಡಿದ. “‘ಹ್ಞಾಂ! ಸರ್ಕಾರವು ಪ್ರಜೆಗಳಿಗೆ ಬೆನ್ನು ತೋರಿಸಿಕೊಂಡು ಬರುವುದೇ?’ ಅಂತ ಹೊರಟೋದ್ರು. ಅದೊಂದು ಮರ್ಯಾದೆಯಿಂದ ನಾವು ಬದುಕಿದ್ದೀವಿ. ಈಗ ನೆಟ್ಟಗೆ ಬಂದ ಮೂತಿ ಕಂಡು ಅವರೇ ಬಂದ್ರು ಅಂತ ಹೆಂಗಸ್ರು ಬಾಗ್ಲು ಹಾಕ್ಕೊಂಡ್ರು. ನೆಟ್ಟಗೆ ಹತ್ತೋ ಮೋಟಾರು ಬಂದೈತೆ ಅಂತ ಅವರಿಗೆ ಗೊತ್ತಾದ್ರೆ ನಾಳೇನೆ ತರಿಸ್ತಾರೆ!”

“ಈಗೇನು ಮಾಡ್ಲಿ?”

“ಇಳಿ. ತಿರುಗಿಸ್ಕೊಂಡು ಹಿಂದುಮುಂದಾಗಿ ಹತ್ತಿ ಬಾ. ಕೆಳಗಿಂದ ಯಾರಾದ್ರೂ ನೋಡಿದ್ರೆ ಮೊದ್ಲು ಕಂಡಿದ್ದು ಕಣ್ಣಿನ ಮಂಕು ಅಂದ್ಕೊಳ್ಲಿ. ನೆಟ್ಟಗೆ ಬರೋ ಅಳಿಯ ನಂಗೆ ಬೇಡ!”

ತಿರುಗಿಸಲು ಅಲ್ಲಿ ಜಾಗವೆಲ್ಲಿ? ಊರು ಹುಟ್ಟಿದಂದಿನಿಂದ ಆ ಬೀದಿಯಲ್ಲಿ ಲಾರಿ ತಿರುಗಿದ್ದೇ ಇಲ್ಲ. ಹಾಗಾಗಿ ಷಡಕ್ಷರಿ ಕತ್ತು ತಿರುಗಿಸಿ ಹಿಂದುಮುಂದಾಗಿ ಇಳಿದ. ಹುಣಸೆಮರದ ಹತ್ತಿರ ಲಾರಿಯನ್ನು ತಿರುಗಿಸಿ ಮತ್ತೆ ಹಿಂದುಮುಂದಾಗಿ ಹತ್ತಿದ. ಹೊಸ ಪಂಪು ಕೆಲಸವಿಲ್ಲದ ಗುಮಾಸ್ತನ ಹಾಗೆ ಕೂತಿತ್ತು. ತೀರ್ಥಮ್ಮ ಚೆಲ್ಲಿದ ಎಲೆ ಅಡಿಕೆ ಆರಿಸಿಕೊಳ್ಳುತ್ತ, “ನಿನ್ ಮದುವೆ ಆಗೋದ್ರೊಳಗೆ ನನ್ ತಿಥಿ ಆಯ್ತದೆ” ಎಂದರು.

ಲಾರಿಯ ಬೆನ್ನು ಕಂಡೊಡನೆ ಬಾಗಿಲುಗಳು ತೆರೆದವು, ಆರತಿ ಬಂತು, ವೀಳ್ಯ ಕೈ ಬದಲಾಯಿತು. ಷಡಕ್ಷರಿಯ ಕತ್ತು ಮಾತ್ರ ತಿರುಗಿದ್ದು ತಿರುಗಿದಂತೆಯೇ ನಿಂತಿತ್ತು. ಬಾಗಿಲ ಸಂದಿಯಿಂದ ಮಲ್ಲಿಕಾಂಬ ಮೆಲ್ಲಗೆ ಹೇಳಿದಳು: “ಮೊದಲ್ನೇ ಸಲ ಬಂದಾಗ ನೋಡ್ದೆ ಕಣ್ರೀ. ಆ ಕಡೆ ಕೆನ್ನೇಲಿ ಮಚ್ಚೆ ಐತೆ. ಚೆನ್ನಾಗೈತೆ.” ಅಷ್ಟು ಸಾಕಾಯಿತು. ಸೊಟ್ಟ ಕತ್ತಿನ ಮೇಲೆ ಷಡಕ್ಷರಿಯ ತಲೆ ಗಾಳಿಪಟವಾಯಿತು.

ಹಾಡು ಗುನುಗುತ್ತ ದಿಬ್ಬ ಇಳಿದರೆ, ಹುಣಸೆಮರದ ನೆರಳಲ್ಲಿ ಒಂದು ಮೋಟಾರು. ಮೋಟಾರಿನ ಪಕ್ಕದಲ್ಲಿ ಅಮಲ್ದಾರ್ರು, ಅವರ ಮುಂದೆ ಅವರ ಹೊಟ್ಟೆ.

“ಹ್ಞಾಂ! ನೀನು ಹತ್ತಿದ್ದನ್ನು ಆಗಲೇ ಇಲ್ಲಿಂದ ಕಂಡೆವು. ಇದು ಹೊಸ ಮಾಡಲ್ ಅಲ್ಲವೇನಯ್ಯಾ? ಎಂಜಿನ್ನು ಸುಧಾರಿಸಿದೆಯೆಂದು ಕೇಳಿದ್ದೆವು.”

ಮಲ್ಲಿಕಾಂಬ, ತೋಟ, ಮಾವ, ಮಚ್ಚೆ ಎಲ್ಲವೂ ಒಮ್ಮೆಗೇ ಷಡಕ್ಷರಿಯ ಕಣ್ಣ ಮುಂದೆ ಸುಳಿದವು. “ಎಲ್ಲಿಯ ಸುಧಾರಣೆ ಮಹಾಸ್ವಾಮಿ! ಬಣ್ಣ ಮಾತ್ರ ಬೇರೆ. ಇದೂ ಹಿಂದುಮುಂದಾಗೇ ಹತ್ಬೇಕು.”

“ಭಲೇ!” ಅಮಲ್ದಾರ್ರ ಮುಖ ಅರಳಿತು. “ನಮಗೆ ಬೇಕಾದದ್ದೂ ಅದೇ. ನಮ್ಮ ಮೋಟಾರಿನಲ್ಲಿ ಹಿಂದುಮುಂದಾಗಿ ಹೋದರೆ ಪ್ರಜೆಗಳಿಗೆ ಬೆನ್ನು ಕಾಣುತ್ತದೆ. ನಿನ್ನದಕ್ಕೆ ಹಿಂದುಗಡೆ ಬಯಲು! ಅಲ್ಲೊಂದು ಕುರ್ಚಿ ಹಾಕಿಸು, ಬೆನ್ನು ನಿನ್ನ ಕಡೆಗಿರಲಿ. ನೀನು ಹಿಂದಕ್ಕೆ ಹತ್ತಿದರೆ ನಾವು ಮುಂದಕ್ಕೆ ಬಂದಂತೆ. ನಾಡಿದ್ದು ಬೆಳಿಗ್ಗೆ ಹೊರಡೋಣ. ಇಷ್ಟು ಸೊಗಸಾಗಿ ಹಿಂದಕ್ಕೆ ಹತ್ತುವವನು ಇನ್ನೆಲ್ಲಿ ಸಿಕ್ಕಾನು!”

ತೀರ್ಥಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡರು. ಅಮಲ್ದಾರ್ರು ಮೋಟಾರು ಹತ್ತುತ್ತ, ಏನೋ ನೆನಪಾದವರಂತೆ ಕೇಳಿದರು: “ಅಂದ ಹಾಗೆ, ಆ ಊರಿನಲ್ಲಿ ನಿನಗೆ ಬೇಕಾದವರು ಯಾರಾದರೂ ಇದ್ದಾರೇನಯ್ಯಾ?”

ಷಡಕ್ಷರಿ ಸೊಟ್ಟ ಕತ್ತಿನಲ್ಲೇ ದಿಬ್ಬದ ಕಡೆಗೊಮ್ಮೆ ನೋಡಿದ.

“ನಾಡಿದ್ದಿನವರೆಗೆ ಇದ್ದಾರೆ, ಮಹಾಸ್ವಾಮಿ.”