ಮಾವನವರ ಕೆಂಪು ಕಾಗದ

ಹಳೇ ಕಾರಿನ ಎಂಜಿನ್ನಿಗೆ ಯಾವ ಎಣ್ಣೆ ಹಾಕಬೇಕೆಂದು ಬಲ್ಲ ಗಂಡಸು ಇಡೀ ಪಿನಾಂಗ್ ದ್ವೀಪದಲ್ಲಿ ಒಬ್ಬನೇ ಒಬ್ಬ, ಅದು ನಾನು! ಹೀಗೆಂದು ನಾನು ಘೋಷಿಸಿದ್ದು ನಮ್ಮ ಅಡುಗೆಮನೆಯಲ್ಲಿ. ಕೇಳಿಸಿಕೊಳ್ಳಬೇಕಾಗಿದ್ದವಳು ನನ್ನ ಹೆಂಡತಿ ಗೆಕ್ ಹೂನ್. ಅವಳು ಬಾಣಲೆಯಲ್ಲಿ ಮೀನು ಮಗುಚುತ್ತಿದ್ದಳು, ತಲೆ ಎತ್ತಲಿಲ್ಲ.

ಕಾರು ಅವಳ ಅಪ್ಪನದು. ಸಾವಿರದ ಒಂಬೈನೂರ ಐವತ್ತೆಂಟರ ಮೋರಿಸ್ ಮೈನರ್. ಮಾವನವರು ಹೋಗಿ ಏಳು ವರ್ಷವಾಯಿತು. ಅವರ ಮನೆತನಕ್ಕೆ ಬಂದ ಸೊಸೆಯರೂ, ಅಲ್ಲಿಂದ ಹೊರಟ ಹೆಣ್ಣುಮಕ್ಕಳೂ ಕೂತದ್ದು ಇದೇ ಕಾರಿನಲ್ಲಿ. ಗೆಕ್ ಹೂನ್ ಅಳುತ್ತಾ ನನ್ನ ಮನೆಗೆ ಬಂದದ್ದೂ ಇದರಲ್ಲೇ. ಈಗ ಅವಳ ತಮ್ಮನ ಮಗ ಬೂನ್ ಲಿಯಾಂಗ್‌ನ ಮದುವೆ. ಆಯರ್ ಇತಮ್‌ನಿಂದ ಹುಡುಗಿಯನ್ನು ಕರೆತಂದು ಹನ್ನೊಂದು ಗಂಟೆಯೊಳಗೆ ಜೆಲುಟೊಂಗ್‌ನ ಗಂಡಿನ ಮನೆಯ ಹೊಸ್ತಿಲು ದಾಟಿಸಬೇಕು. ದೇವಸ್ಥಾನದಲ್ಲಿ ಕೇಳಿ ಇಟ್ಟ ಗಳಿಗೆ, ಒಂದು ನಿಮಿಷ ಆಚೀಚೆ ಆಗುವಂತಿಲ್ಲ. ಸಾರಥಿ ನಾನು!

ಇಷ್ಟು ವರ್ಷ ಮೂಲೆಯ ಮೆಕ್ಯಾನಿಕ್ ಅಹ್ ಸೆಂಗ್ ಎಣ್ಣೆ ಬದಲಿಸುತ್ತಿದ್ದ. ಈ ಸಲ ಅವನನ್ನು ಹತ್ತಿರವೂ ಸೇರಿಸಲಿಲ್ಲ. ಅಂಗಡಿಯಲ್ಲಿದ್ದ ಅತಿ ದುಬಾರಿ ಡಬ್ಬ ತಂದೆ. ಮೇಲೆ ರೇಸ್ ಕಾರಿನ ಚಿತ್ರ, ಒಳಗೆ ನೀರಿನಷ್ಟು ತೆಳ್ಳಗಿನ ಹೊಂಬಣ್ಣದ ಎಣ್ಣೆ.

"ನೋಡ್ತಾ ಇರು, ಮುದುಕ ಕಾರಿಗೆ ಯೌವನ ಬರುತ್ತೆ!"

"ಮುದುಕರಿಗೆ ಯೌವನ ಬಂದ್ರೆ ಸೊಂಟ ಮುರ್ಕೊಳ್ಳೋದೇ. ಅಪ್ಪ ಯಾವುದು ಹಾಕ್ತಿದ್ರೋ ಅದನ್ನೇ ಹಾಕ್ರಿ."

"ಯಾವುದು ಹಾಕ್ತಿದ್ರು?"

"ನಂಗೇನ್ ಗೊತ್ತು? ಏಳು ವರ್ಷದಲ್ಲಿ ಒಂದಿನ ಆ ಬಾನೆಟ್ ಹತ್ರ ಬಿಟ್ಟಿದ್ದೀರಾ ನನ್ನ?"

ಬಿಟ್ಟಿರಲಿಲ್ಲ, ನಿಜ. ಬಾನೆಟ್ಟಿನ ಒಳಮೈ ನನ್ನ ಪಾಲಿಗೆ ಗರ್ಭಗುಡಿ. ಅಲ್ಲಿ ಮಾವನವರು ಅಂಗೈಯಗಲದ ಕೆಂಪು ಕಾಗದ ಅಂಟಿಸಿ, ಕುಂಚದಲ್ಲಿ ನಾಲ್ಕು ಸಾಲು ಬರೆದಿದ್ದರು. ನಾನೋ ಹೆಸರಿಗಷ್ಟೇ ಚೀನೀಯ, ಇಂಗ್ಲಿಷ್ ಶಾಲೆಯಲ್ಲಿ ಕಲಿತವನು. ಚೀನೀ ಅಕ್ಷರ ನನ್ನ ಕಣ್ಣಿಗೆ ಕೋಳಿ ಕೆದಕಿದ ಹಾಗೆ. ಹೊಸ ವರ್ಷಕ್ಕೆ ಬಾಗಿಲಿಗೆ ಅಂಟಿಸುವ ಶುಭವಾಕ್ಯದಂತೆ ಇದೂ ಹಿರಿಯರ ಆಶೀರ್ವಾದ ಎಂದುಕೊಂಡೆ. ಪ್ರತಿ ಹೊಸ ವರ್ಷಕ್ಕೂ ಎರಡು ಕಿತ್ತಳೆ ಇಟ್ಟು, ಮೂರು ಊದುಬತ್ತಿ ಬೆಳಗಿ ಕೈ ಮುಗಿಯುತ್ತಿದ್ದೆ.

ಮದುವೆಯ ಬೆಳಿಗ್ಗೆ ಕಾರು ನನ್ನ ಹೊಸ ಎಣ್ಣೆ ಕುಡಿದು, ಹೂ ಮುಡಿದು ಹೊರಟಿತು. ಪಕ್ಕದಲ್ಲಿ ಗೆಕ್ ಹೂನ್, ಹಿಂದೆ ಬೂನ್ ಲಿಯಾಂಗ್. ಎಂಜಿನ್ ಬೆಣ್ಣೆಯಂತೆ ಓಡಿತು. ನಾನು ಮೀಸೆ ಇಲ್ಲದಿದ್ದರೂ ತಿರುವಿದೆ. ಒಂಬತ್ತೂಮುಕ್ಕಾಲಿಗೆ ಹುಡುಗಿಯ ಮನೆ ಮುಟ್ಟಿದೆವು. ಎಂಜಿನ್ ನಿಲ್ಲಿಸಲು ಕೀಲಿಗೆ ಕೈ ಹಾಕಿದೆನೋ ಇಲ್ಲವೋ, ಹುಡುಗಿಯ ದೊಡ್ಡಮ್ಮ ಬೀಸಣಿಗೆ ಹಿಡಿದು ಓಡಿಬಂದರು.

"ಅಯ್ಯಯ್ಯೋ, ಎಂಜಿನ್ ಆರಿಸ್ಬೇಡಿ! ಹುಡುಗೀನ ಕರೆಯೋಕೆ ಬಂದ ಗಾಡಿ ನಿಂತ್ರೆ ಸಂಸಾರ ನಿಂತ ಹಾಗೆ!"

ಸರಿ, ಎಂಜಿನ್ ಉರಿಯುತ್ತಲೇ ಇತ್ತು. ಬಿಸಿಲೂ ಉರಿಯುತ್ತಿತ್ತು. ಇತ್ತ ಗೇಟಿನಲ್ಲಿ ಹುಡುಗಿಯ ಗೆಳತಿಯರು ಬೂನ್ ಲಿಯಾಂಗ್‌ನನ್ನು ಅಡ್ಡಗಟ್ಟಿದರು. ಹುಳಿ, ಸಿಹಿ, ಕಹಿ, ಖಾರ ನಾಲ್ಕನ್ನೂ ತಿಂದು ತೋರಿಸದೆ ಒಳಗೆ ಬಿಡುವುದಿಲ್ಲವಂತೆ. ಹುಡುಗ ನಿಂಬೆಹೋಳು ಚೀಪಿಕೊಂಡು, ಮುಖ ಕಿವುಚಿ, ಫೋಟೋ ತೆಗೆಸಿಕೊಳ್ಳುತ್ತ ನಿಂತ.

ಆಗ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಎಚ್ಚರಿಕೆಯ ದೀಪ ಮಿಣುಕಿತು.

ಎಣ್ಣೆಗೆ ಒತ್ತಡ ಸಾಲದು ಎಂದರ್ಥ. ಆ ದೀಪ ಆರದೆ ಉರಿದರೆ ಎಂಜಿನ್ ಒಳಗೊಳಗೇ ಸವೆದು ಕಚ್ಚಿಕೊಳ್ಳುತ್ತದೆ, ಆಮೇಲೆ ಮಾವನವರ ಕಾರು ಗುಜರಿಗೇ. ಬಗ್ಗಿ ನೋಡಿದೆ. ಅರವತ್ತು ವರ್ಷ ಮೀರಿದ ಸಂದುಗಳಲ್ಲಿ ತೆಳು ಎಣ್ಣೆ ತೊಟತೊಟ ಸೋರಿ, ಕಾರಿನಡಿ ದೋಸೆಯಗಲ ಹರಡಿತ್ತು. ಆರಿಸಿದರೆ ದೊಡ್ಡಮ್ಮ, ಆರಿಸದಿದ್ದರೆ ಹೆಂಡತಿ!

ಗೇಟಿಗೆ ಓಡಿದೆ.

"ಅಮ್ಮಾ ತಾಯಂದಿರಾ, ಹಾಗಲಕಾಯಿ ಇಲ್ಲಿ ಕೊಡಿ, ನಾನೇ ತಿಂತೀನಿ! ಬಾಗಿಲು ತೆಗೀರಿ!"

"ಅಂಕಲ್‌ಗೇ ಮದುವೆ ಆತುರ!" ಎಂದು ಹುಡುಗಿಯರು ಕಿಸಕ್ಕೆಂದರು.

"ಮಾಮಾ, ಮರ್ಯಾದೆ ತೆಗೀಬೇಡಿ," ಎಂದು ಬೂನ್ ಲಿಯಾಂಗ್ ಪಿಸುಗುಟ್ಟಿದ.

ಮರ್ಯಾದೆ ಯಾರಿಗೆ ಬೇಕಿತ್ತು! ಹಸಿ ಹಾಗಲಕಾಯಿ ಒಂದು ತಟ್ಟೆ, ಹಸಿಮೆಣಸಿನಕಾಯಿ ಏಳು, ಕಣ್ಣುಮುಚ್ಚಿ ಅಗಿದೆ. ಬಾಗಿಲು ತೆರೆಯಿತು. ಹುಡುಗಿ ಹೊರಬರುವಷ್ಟರಲ್ಲಿ ಹತ್ತು ಇಪ್ಪತ್ತು. ದೀಪ ಈಗ ಮಿಣುಕುವುದನ್ನೂ ಬಿಟ್ಟು ದಿಟ್ಟಿಸಿ ನೋಡುತ್ತಿತ್ತು. ಹೋಗಬೇಕಾದ್ದೋ ಸುತ್ತುದಾರಿ. ಬಂದ ದಾರಿಯಲ್ಲೇ ಮದುವೆ ಗಾಡಿ ಮರಳುವಂತಿಲ್ಲವಲ್ಲ!

ಬಾನೆಟ್ ಎತ್ತಿದೆ. ಅಳತೆಕಡ್ಡಿ ಎಳೆದು ನೋಡಿದರೆ ತುದಿ ಒದ್ದೆ, ಅಷ್ಟೇ. ಬಾಯಿ ಉರಿಯುತ್ತಿತ್ತು, ಕಣ್ಣಲ್ಲಿ ನೀರು. ಕೆಂಪು ಕಾಗದಕ್ಕೆ ಎರಡೂ ಕೈ ಮುಗಿದು, "ಮಾವಾ, ಇದೊಂದು ಸಲ ಕಾಪಾಡಿ!" ಎಂದೆ.

"ಯಾರಿಗ್ರೀ ಕೈ ಮುಗೀತಿರೋದು?" ಹಿಂದೆ ಗೆಕ್ ಹೂನ್ ನಿಂತಿದ್ದಳು.

"ನಿಮ್ಮಪ್ಪನ ಆಶೀರ್ವಾದಕ್ಕೆ ಕಣೇ."

ಅವಳು ಬಗ್ಗಿ ಕಾಗದ ನೋಡಿದಳು. ಓದಿದಳು. ಅವಳ ಮುಖದಲ್ಲಿ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ.

"ಜೋರಾಗಿ ಓದ್ತೀನಿ, ಕೇಳಿಸ್ಕೊಳ್ಳಿ. 'ಈ ಗಾಡಿಗೆ ಲಾರಿಗೆ ಹಾಕೋ ದಪ್ಪ ಎಣ್ಣೇನೇ ಹಾಕ್ಬೇಕು. ತೆಳು ಎಣ್ಣೆ ಹಾಕಿದ್ರೆ ಸೋರಿ ಹೋಗುತ್ತೆ. ನನ್ನ ಅಳಿಯ ಹಾಕೇ ಹಾಕ್ತಾನೆ. ಅದಕ್ಕೇ ಸ್ಪೇರ್ ಚಕ್ರದ ಕೆಳಗೆ ಒಂದು ಡಬ್ಬ ಇಟ್ಟಿದೀನಿ.'"

ಡಿಕ್ಕಿಗೆ ಹಾರಿದೆ. ಏಳು ವರ್ಷ ಪಂಕ್ಚರ್ ಆಗದ ಪುಣ್ಯಕ್ಕೆ ಆ ಚಕ್ರ ಅಲುಗಾಡಿಸಿರಲೇ ಇಲ್ಲ. ಕೆಳಗೆ ಹಳೇ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಮಗುವಿನ ಹಾಗೆ ಮಲಗಿಸಿದ್ದ ಡಬ್ಬ! ದಾರದ ಗಂಟು ನೋಡಿ ಗೆಕ್ ಹೂನ್, "ಅಪ್ಪಂದೇ ಗಂಟು," ಎಂದಳು. ಕಣ್ಣೊರೆಸಿಕೊಂಡಳು. ಮರುಕ್ಷಣವೇ, "ಏನ್ ನೋಡ್ತಾ ನಿಂತ್ರಿ? ಸುರೀರಿ!" ಎಂದು ಗದರಿದಳು.

ಓಡುತ್ತಿದ್ದ ಎಂಜಿನ್ನಿಗೇ ಸುರಿದೆ. ಅದು ಅರ್ಧ ಕುಡಿದು ಅರ್ಧ ನನ್ನ ಬಿಳಿ ಅಂಗಿಗೆ ಉಗುಳಿತು. ದೀಪ ಮಿಣುಕಿತು, ತಡೆಯಿತು, ಆರಿತು! ಸುತ್ತುದಾರಿಯ ಒಂದೊಂದು ದಿಬ್ಬಕ್ಕೂ ನಾನು ರಸ್ತೆ ನೋಡಿದ್ದಕ್ಕಿಂತ ಆ ದೀಪ ನೋಡಿದ್ದೇ ಹೆಚ್ಚು. ಹನ್ನೊಂದಕ್ಕೆ ಆರು ನಿಮಿಷವಿರುವಾಗ ಹುಡುಗಿ ಹೊಸ್ತಿಲು ದಾಟಿದಳು. ಹೊಸ ಜೋಡಿ ಹಿರಿಯರಿಗೆ ಚಹಾ ಕೊಡುವ ಹೊತ್ತಿಗೆ ಆ ನಾಲ್ಕು ಸಾಲು ನಲವತ್ತು ನೆಂಟರಿಗೂ ಬಾಯಿಪಾಠವಾಗಿತ್ತು.

ಮರುವಾರ ಕಾರನ್ನು ತೆಪ್ಪಗೆ ಅಹ್ ಸೆಂಗ್‌ನಿಗೆ ಒಪ್ಪಿಸಿದೆ.

"ಆ ಕಾಗದ ನೀನು ಏಳು ವರ್ಷದಿಂದ ಓದ್ತಾ ಇದ್ಯಾ?"

"ಓದ್ದೇ ಏನಣ್ಣ? ಮಾವ-ಅಳಿಯನ ವಿಷಯ, ನಾನ್ಯಾಕೆ ಬಾಯಿ ಹಾಕ್ಲಿ?"

ಅವನು ಬಾನೆಟ್ ಎತ್ತಿದ. ಮಾವನವರ ಕಾಗದದ ಕೆಳಗೆ ಇನ್ನೊಂದು, ಹೊಚ್ಚಹೊಸ ಕೆಂಪು ಕಾಗದ! ಗೆಕ್ ಹೂನ್‌ಳ ಕೈಬರಹ. ಅಭ್ಯಾಸಬಲ ನೋಡಿ, ನನ್ನ ಎರಡೂ ಕೈ ತಾವಾಗಿಯೇ ಮುಗಿದವು.

"ಇದೇನು ಬರೆದಿದಾಳೋ, ಓದು ಮಾರಾಯ."

ಅಹ್ ಸೆಂಗ್ ಗಂಟಲು ಸರಿಮಾಡಿಕೊಂಡು ಓದಿದ: "'ಕೈ ಇಳಿಸಿ. ಮೇಲಿನದನ್ನ ಇನ್ನೊಂದ್ಸಲ ಓದಿಸ್ಕೊಳ್ಳಿ.'"