ಹರಕೆ ಅತ್ತೆಯದು, ಸೈಕಲ್ ನನ್ನದು

ಬೇರೆಯವರ ಕಾಲನ್ನು ನಂಬಿ ಹರಕೆ ಹೇಳಿಕೊಳ್ಳುವುದು ನಮ್ಮ ಕಡೆ ಹೊಸತಲ್ಲ. ಅಜ್ಜಿ ಹೇಳಿಕೊಂಡ ಉರುಳುಸೇವೆಗೆ ಮೊಮ್ಮಗ ಉರುಳುತ್ತಾನೆ, ಅಕ್ಕ ಹೇಳಿಕೊಂಡ ಉಪವಾಸಕ್ಕೆ ತಮ್ಮ ಹಸಿದಿರುತ್ತಾನೆ. ಇಂಥದು ಮನೆಮನೆಯಲ್ಲೂ ನಡೆಯುತ್ತಲೇ ಇರುತ್ತದೆ. ನನ್ನ ಪಾಲಿಗೆ ಬಂದದ್ದು ಸೈಕಲ್. ಆ ದಿನವನ್ನು ನೆನೆದರೆ ಈಗಲೂ ಎದೆ ಭಾರವಾಗುತ್ತದೆ. ಹೇಳಲು ಹೊರಟರೆ ಕೇಳುವವರು ನಗುತ್ತಾರೆ. ನಗಲಿ.

ಹರಕೆ ಬೆಳೆದದ್ದು

ಐವತ್ತರ ದಶಕದ ಕೊನೆ. ನಾನು ಬಂಟ್ವಾಳದ ಒಂದು ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆದು ಕೊಡುವ ಕೆಲಸದಲ್ಲಿದ್ದೆ. ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಹೊಸ ಸೈಕಲ್ ಮನೆಗೆ ತಂದ ಬೆನ್ನಿಗೇ ಹೆಂಡತಿಗೆ ಟೈಫಾಯ್ಡ್ ಹಿಡಿಯಿತು. ಮಗಳ ಆರೈಕೆಗೆ ಬಂದ ಅತ್ತೆ, "ಸೈಕಲಿಗೆ ಬಿದ್ದ ದೃಷ್ಟಿ ಇವಳಿಗೆ ತಾಗಿದೆ" ಎಂದು ತೀರ್ಮಾನಿಸಿ, ಅಳಿಯ ಆ ಸೈಕಲನ್ನು ಕಾರಿಂಜ ಬೆಟ್ಟದ ಗುಡಿಗೆ, ದೇವರ ನಡೆಗೆ ತರುತ್ತಾನೆ ಎಂದು ಹರಕೆ ಹೇಳಿಕೊಂಡರು.

ಕಾರಿಂಜ ನಮಗೆ ಹತ್ತಿರ, ಆಗಬಹುದು ಎಂದುಕೊಂಡೆ. ಆದರೆ ರೋಗಿಯನ್ನು ನೋಡಲು ಬಂದವರೆಲ್ಲ ತಮ್ಮ ಕೈಲಾದ ಸಹಾಯ ಮಾಡಿದರು. ಚಿಕ್ಕಮ್ಮ ಮೂಡುಬಿದಿರೆಯ ದೇವಸ್ಥಾನವನ್ನು ಸೇರಿಸಿದರು. ಪಾಣೆಮಂಗಳೂರಿನಿಂದ ಬಂದವರೊಬ್ಬರು ಬೆಳ್ತಂಗಡಿಯದನ್ನು ಸೇರಿಸಿದರು. ಬೆಟ್ಟದ ಮೆಟ್ಟಿಲನ್ನು ಸೈಕಲ್ ಹೊತ್ತೇ ಏರಬೇಕು ಎಂದವರು ಯಾರೆಂದು ಇಂದಿಗೂ ತಿಳಿದಿಲ್ಲ.

ಒಂದು ಸಂಜೆ ಡಾಕ್ಟರು ನನ್ನನ್ನು ಅಂಗಳಕ್ಕೆ ಕರೆದು, "ನಾಳೆ ಜ್ವರ ಇಳಿಯಬೇಕು. ಇಳಿಯದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ" ಅಂದರು.

"ಹಾಗಾದರೆ ಅಳಿಯಂದಿರು ನಾಳೆ ಬೆಳಗ್ಗೆಯೇ ಹೊರಡಲಿ" ಎಂದರು ಅತ್ತೆ.

"ಹರಕೆ ತೀರಿಸುವುದು ಗುಣವಾದ ಮೇಲಲ್ಲವಾ ಅತ್ತೆ?"

"ಗುಣವಾದ ಮೇಲೆ ಯಾವ ಗಂಡಸೂ ಹೋಗುವುದಿಲ್ಲ. ನಿಮ್ಮ ಮಾವ ಹೋಗಿದ್ದಾರಾ? ಅವರದ್ದು ಇನ್ನೂ ಮೂರು ಬಾಕಿ ಉಂಟು."

ಜಗಲಿಯಲ್ಲಿ ಕೂತಿದ್ದ ಮಾವ ಎಲೆ ಅಡಿಕೆ ತಟ್ಟೆಯನ್ನು ಎತ್ತಿಕೊಂಡು ಮೆಲ್ಲನೆ ಹಿತ್ತಿಲ ಕಡೆ ನಡೆದರು.

ಸಮಾಧಾನ ಹೇಳಿದವರು

ಮರುದಿನ ಬೆಳಗ್ಗೆಯೇ ಹೊರಟೆ. ಮೂಡುಬಿದಿರೆ ತಲುಪುವಾಗ ಬಿಸಿಲೇರಿತ್ತು. ದೇವರಿಗೆ ಕೈಮುಗಿದು ಒಂದು ಹೋಟೆಲಿಗೆ ಹೊಕ್ಕೆ. ನನ್ನ ಮುಖ ನೋಡಿ ಹೋಟೆಲಿನ ಯಜಮಾನರು ವಿಷಯ ಕೇಳಿದರು. ಹೇಳಿದೆ.

"ಟೈಫಾಯ್ಡಾ? ಹೆದರಬೇಡಿ ಮಾರಾಯ್ರೇ. ನನ್ನ ತಂಗಿಗೂ ಅದೇ ಆದದ್ದು."

"ಈಗ ಹೇಗಿದ್ದಾರೆ?"

"ಅವಳು ತೀರಿಹೋದಳು. ಆದರೆ ಕೊನೆವರೆಗೂ ಮಾತು ಸ್ಪಷ್ಟ ಇತ್ತು."

ಪಕ್ಕದ ಮೇಜಿನ ಮುದುಕರು ಚಾ ಕೆಳಗಿಟ್ಟು, "ಪುಣ್ಯ ಮಾಡಿದ್ದಳು. ನನ್ನ ಭಾವನಿಗೆ ಮಾತೂ ಇರಲಿಲ್ಲ" ಎಂದರು.

ಇಡ್ಲಿಯನ್ನು ಅರ್ಧಕ್ಕೇ ಬಿಟ್ಟೆ. ಎದ್ದು ಹೊರಟಾಗ ಯಜಮಾನರು ಬೆನ್ನು ತಟ್ಟಿ, "ಮನುಷ್ಯನಿಗೆ ಧೈರ್ಯ ಬೇಕು. ವಾಪಸು ಇದೇ ದಾರಿಯಲ್ಲವಾ? ಬನ್ನಿ, ಇನ್ನೂ ಇಬ್ಬರದ್ದು ಹೇಳುವುದುಂಟು" ಎಂದರು. ನನ್ನ ದಾರಿ ಬೇರೆಯಾಗಿದ್ದದ್ದು ಆ ದಿನ ದೇವರು ಮಾಡಿದ ಮೊದಲ ಉಪಕಾರ.

ಅಂಗಳದಲ್ಲಿ ನಿಂತವನು

ವೇಣೂರು ದಾಟಿದ ಮೇಲೆ ಏರು, ಮತ್ತೆ ಏರು, ಕಿತ್ತುಹೋದ ಜಲ್ಲಿ ರಸ್ತೆ. ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಪ್ರತಿ ಏರಿನಲ್ಲೂ ಮನೆಯಲ್ಲಿ ಏನಾಗಿದೆಯೋ ಎಂಬ ಒಂದೇ ಯೋಚನೆ. ಬೆಳ್ತಂಗಡಿ ಮುಟ್ಟಿ ದೇವರಿಗೆ ಕೈಮುಗಿದು ಬರುವಾಗ ಹಿಂದಿನ ಚಕ್ರದ ಗಾಳಿ ಹೋಗಿತ್ತು. ಹೆಂಡತಿಯ ದೊಡ್ಡಮ್ಮನ ಮನೆ ಅಲ್ಲೇ ಇತ್ತು. ಪಂಪು ಕೇಳುವ ಎಂದು ಹೋದೆ.

ಆಗಿನ ಕಾಲದಲ್ಲಿ ಹಳ್ಳಿಗೆ ಸಾವಿನ ಸುದ್ದಿ ಹೆಚ್ಚಾಗಿ ಸೈಕಲಿನಲ್ಲೇ ಬರುವುದು. ಸುದ್ದಿ ತಂದವನು ಜಗಲಿ ಹತ್ತುವುದಿಲ್ಲ, ನೀರು ಮುಟ್ಟುವುದಿಲ್ಲ, ಅಂಗಳದಲ್ಲೇ ನಿಂತು ಹೇಳಿ ತಿರುಗುತ್ತಾನೆ. ಇದು ನನಗೂ ಗೊತ್ತಿತ್ತು, ಆ ಹೊತ್ತಿಗೆ ನೆನಪಾಗಲಿಲ್ಲ.

ನಾನು ಅಂಗಳದಲ್ಲೇ ಸೈಕಲ್ ಹಿಡಿದು ನಿಂತೆ. ದೊಡ್ಡಮ್ಮ ಚೊಂಬಿನಲ್ಲಿ ನೀರು, ಬೆಲ್ಲ ತಂದರು. "ನೀರು ಬೇಡ ದೊಡ್ಡಮ್ಮ, ಕೂರಲಿಕ್ಕೆ ಪುರುಸೊತ್ತಿಲ್ಲ. ಅವಳು..." ಎನ್ನುತ್ತ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡೆ.

ಚೊಂಬು ಕೆಳಗೆ ಬಿತ್ತು. "ಅಯ್ಯೋ ಮಗಳೇ, ಹೋದೆಯಾ!" ಎಂದು ದೊಡ್ಡಮ್ಮ ಎದೆ ಬಡಿದುಕೊಂಡರು. ಒಳಗಿದ್ದ ಸೊಸೆಯಂದಿರೂ ಓಡಿಬಂದು ಗೋಳಾಡಿದರು.

ನಾನು ಬೆಳಗ್ಗೆ ಹೊರಟವನು. ನನ್ನ ಬೆನ್ನಿಗೇ ಬಸ್ಸಿನಲ್ಲಿ ಸುದ್ದಿ ಇಲ್ಲಿಗೆ ಮುಟ್ಟಿದೆ ಎಂದುಕೊಂಡು ನೆಲಕ್ಕೆ ಕುಸಿದು ನಾನೂ ಗಟ್ಟಿಯಾಗಿ ಅತ್ತುಬಿಟ್ಟೆ.

ದೊಡ್ಡಮ್ಮ ಬಿಕ್ಕುತ್ತ ಕೇಳಿದರು, "ಯಾವಾಗ ಆಯಿತು ಮಗಾ?"

"ನೀವೇ ಹೇಳಬೇಕು ದೊಡ್ಡಮ್ಮ" ಅಂದೆ.

ಅಳು ಫಕ್ಕನೆ ನಿಂತಿತು. ವಿಷಯ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಗೋಳು ಕೇಳಿ ನೆರೆಕರೆಯವರೆಲ್ಲ ಬೇಲಿಯ ಬಳಿ ಸೇರಿದ್ದರು. ದೊಡ್ಡಮ್ಮ ಕಣ್ಣೊರೆಸಿಕೊಂಡು, "ಇನ್ನು ನೀನು ಇವರಿಗೆಲ್ಲ ಕಾಣುವ ಹಾಗೆ ಊಟ ಮಾಡಿಯೇ ಹೋಗಬೇಕು. ಇಲ್ಲದಿದ್ದರೆ ಅವಳು ಬದುಕಿದ್ದಾಳೆ ಅಂತ ಯಾರೂ ನಂಬುವುದಿಲ್ಲ" ಎಂದು ಜಗಲಿಯಲ್ಲೇ ಎಲೆ ಹಾಕಿದರು. ಬೇಲಿಯಾಚೆಯ ಅಷ್ಟೂ ಕಣ್ಣುಗಳ ಮುಂದೆ ನಾನು ಅನ್ನ ಉಂಡೆ. ಎರಡನೇ ಸಲ ಸಾರು ಹಾಕಿಸಿಕೊಂಡ ಮೇಲೆಯೇ ಅವರು ಮನೆಗೆ ಹೋದದ್ದು.

ಬೆಟ್ಟ, ಮತ್ತೆ ಮನೆ

ಚಕ್ರಕ್ಕೆ ಗಾಳಿ ತುಂಬಿಸಿಕೊಂಡು ಹೊರಟೆ. ಕಾರಿಂಜದ ಮೆಟ್ಟಿಲಲ್ಲಿ ಸೈಕಲ್ ಹೆಗಲ ಮೇಲೆ, ಪೆಡಲು ಬೆನ್ನಿಗೆ. ಮಂಗಗಳು ಕೂಡ ದಾರಿ ಬಿಟ್ಟು ಕೂತು ನೋಡಿದವು. ಇಳಿದು ಬರುತ್ತಿದ್ದ ಅಜ್ಜಿಯೊಬ್ಬರು, "ಮೇಲೆ ರಸ್ತೆ ಉಂಟಾ ಮಗಾ?" ಎಂದರು.

"ಇಲ್ಲ ಅಜ್ಜಿ. ಹರಕೆ."

"ನಿನ್ನದಾ?"

"ಅತ್ತೆಯದು."

"ಹಾಗಾದರೆ ಕೆಳಗಿಡಬೇಡ. ಅತ್ತೆಗೆ ಹೇಗಾದರೂ ಗೊತ್ತಾಗ್ತದೆ" ಎಂದು ಅಜ್ಜಿ ಇಳಿದುಹೋದರು.

ನಡೆಯಲ್ಲಿ ಭಟ್ಟರು ಏನೆಂದು ಪ್ರಾರ್ಥಿಸಲಿ ಎಂದಾಗ ನನಗೆ ಸೈಕಲ್, ದೃಷ್ಟಿ ಯಾವುದೂ ಬಾಯಿಗೆ ಬರಲಿಲ್ಲ. "ಅವಳು ಇದ್ದರೆ ಸಾಕು" ಅಂದೆ.

ಮನೆ ಸೇರುವಾಗ ದೀಪ ಹಚ್ಚಿಯಾಗಿತ್ತು. ಅಂಗಳದಲ್ಲಿ ನಾಲ್ಕಾರು ಜನ ಮಾತಿಲ್ಲದೆ ನಿಂತಿದ್ದರು. ಬೇಲಿ ಬಾಗಿಲಿನ ದಣಪೆಯ ಬಳಿಯೇ ನನ್ನ ಕಾಲು ನಿಂತುಹೋಯಿತು. ಆಗ ಅತ್ತೆ ಹೊರಗೆ ಬಂದು, "ಜ್ವರ ಇಳಿಯಿತು. ಮಧ್ಯಾಹ್ನವೇ ಇಳಿಯಿತು. ನಾವು ಈಗ ಕಾಯ್ತಾ ಇರುವುದು ನಿಮ್ಮನ್ನು" ಎಂದರು.

ಒಳಗೆ ಅವಳು ದಿಂಬಿಗೆ ಒರಗಿ ಗಂಜಿ ತಿಳಿ ಕುಡಿಯುತ್ತಿದ್ದಳು. ನನ್ನನ್ನು ನೋಡಿದ್ದೇ ಕಣ್ಣು ತುಂಬಿಕೊಂಡಳು.

"ಕತ್ತಲಾದರೂ ಬರಲಿಲ್ಲ. ಯಾವ ಇಳಿಜಾರಿನಲ್ಲಿ ಬಿದ್ದಿರೋ ಅಂತ ಜೀವ ಬಾಯಿಗೆ ಬಂತು. ಇವರು ಸುಖವಾಗಿ ಮನೆ ಸೇರಲಿ ಅಂತ ನಾನೂ ಕಾರಿಂಜದ ದೇವರಿಗೆ ಹೇಳಿಕೊಂಡೆ."

"ಏನಂತ ಹೇಳಿಕೊಂಡೆ?"

"ಇದೇ ಸುತ್ತು ಇನ್ನೊಮ್ಮೆ ಬರ್ತಾರೆ ಅಂತ" ಎಂದಳು. ಬಟ್ಟಲು ಕೆಳಗಿಟ್ಟು ಮೆಲ್ಲನೆ ಸೇರಿಸಿದಳು, "ಕ್ಯಾರಿಯರಿನಲ್ಲಿ ನನ್ನನ್ನೂ ಕೂರಿಸಿಕೊಂಡು."