ಹನ್ನೊಂದು ಮಂದಿಯ ಏಕಾಂತ

ಐಸ್‌ಲ್ಯಾಂಡಿನ ಸ್ಕೆಲ್ಯಾವೀಕ್ ಊರಿನ ಈಜುಕೊಳದ ಪಕ್ಕದ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತಿದ್ದಾಗ ಓಡ್ಡುರ್ ಬಾಯಿ ತಪ್ಪಿ ಒಂದು ನಿಜ ಹೇಳಿಬಿಟ್ಟ.

"ನನಗೆ ನಾಲ್ಕು ದಿನ ಮನುಷ್ಯರ ದನಿ ಕೇಳದ ಜಾಗ ಬೇಕು."

ಓಡ್ಡುರ್ ಊರ ಚರ್ಚಿನಲ್ಲಿ ಆರ್ಗನ್ ನುಡಿಸುವವನು. ಹದಿನೆಂಟು ಜನ ಹಾಡುಗಾರರ ಮೇಳವನ್ನೂ ಅವನೇ ಸಂಭಾಳಿಸಬೇಕು. ಆ ಹದಿನೆಂಟರಲ್ಲಿ ಒಬ್ಬೊಬ್ಬರಿಗೂ ಮಿಕ್ಕ ಹದಿನೇಳು ಜನರ ಮೇಲೆ ದೂರು. ಇಪ್ಪತ್ತು ವರ್ಷ ಅದನ್ನೆಲ್ಲ ಕೇಳಿ ಕೇಳಿ ಅವನ ಕಿವಿಗಳು ಕಾಫಿ ಸೋಸುವ ಹಳೇ ಬಟ್ಟೆಯಂತಾಗಿದ್ದವು.

"ಹಾಗಾದ್ರೆ ರೇಕ್‌ಫೆಲ್ ಬೆಟ್ಟಕ್ಕೆ ಹೋಗು," ಅಂದಳು ಪಕ್ಕದ ಮನೆಯ ಹಾಲ್ಬೆರಾ. "ಆದ್ರೆ ಒಬ್ನೇ ಹೋಗ್ಬೇಡಪ್ಪ. ನೀನು ಅಂಗಡಿಗೆ ಹಾಲು ತರೋಕೆ ಹೋದ್ರೇನೇ ದಾರಿ ತಪ್ತೀಯ."

ತೊಟ್ಟಿ ತುಂಬ ನಗು. ಓಡ್ಡುರನಿಗೆ ಬಿಸಿನೀರಿಗಿಂತ ಹೆಚ್ಚು ಬಿಸಿಯಾಯಿತು. ನೀರು ನಾಲ್ಕೂ ಕಡೆ ಚೆಲ್ಲುವಂತೆ ಎದ್ದು ನಿಂತ.

"ಒಬ್ನೇ ಹೋಗ್ತೀನಿ! ನಾಡಿದ್ದೇ ಹೋಗ್ತೀನಿ!"

ಒಬ್ಬನೇ ಹೋಗುವವನನ್ನು ಬೀಳ್ಕೊಡಲು ಊರಿಗೆ ಊರೇ ಟೊಂಕ ಕಟ್ಟಿತು. ಹಾಲ್ಬೆರಾ ಆರು ಜೊತೆ ಉಣ್ಣೆಯ ಕಾಲುಚೀಲ, ಇಟ್ಟಿಗೆಯಂಥ ಎರಡು ಕಪ್ಪು ರೊಟ್ಟಿ ತಂದುಕೊಟ್ಟಳು. ಪಾದ್ರಿಗಳು ಪ್ರಾರ್ಥನಾ ಪುಸ್ತಕ ಕೊಟ್ಟು, "ಯಾವುದಕ್ಕೂ ಇರ್ಲಿ" ಎಂದು ಅವನ ಮುಖವನ್ನು ಕಡೇ ಸಲ ನೋಡುವವರಂತೆ ನೋಡಿದರು. ಮೀನುದೋಣಿಯ ಥೋರ್ಗಿಲ್ಸ್ ಹೊಗೆಯಲ್ಲಿ ಬೇಯಿಸಿದ ಕುರಿಯ ಇಡೀ ತೊಡೆಯ ಜೊತೆಗೆ ತನ್ನ ಕಿತ್ತಳೆ ಬಣ್ಣದ ಕೋಟನ್ನೂ ಹೊದಿಸಿದ.

"ಇದು ಬೇಡ ಮಾರಾಯ, ಕಣ್ಣಿಗೆ ಚುಚ್ಚುತ್ತೆ," ಅಂದ ಓಡ್ಡುರ್.

"ಚುಚ್ಲಿ. ಹೆಣ ಹುಡುಕೋರಿಗೂ ಸ್ವಲ್ಪ ಅನುಕೂಲ ಆಗ್ಬೇಕಲ್ಲ."

ಮೂರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಬಸ್ಸು ಅವನನ್ನು ಬೆಟ್ಟದ ಬುಡದಲ್ಲಿ ಇಳಿಸಿ ಹೋಯಿತು. ಬೆಟ್ಟದ ದಾರಿಯಲ್ಲಿ ಅಲ್ಲಲ್ಲಿ ತಂಗುಮನೆಗಳಿದ್ದವು; ಕತ್ತಲಾಗುವುದರೊಳಗೆ ಮೊದಲನೆಯದನ್ನು ಮುಟ್ಟಬೇಕು. ಬೆನ್ನಮೇಲಿನ ಚೀಲ ಗಬ್ಬದ ಕುರಿಯಷ್ಟು ಭಾರ. ಆದರೂ ಮೊದಲ ಒಂದು ಗಂಟೆ ಓಡ್ಡುರ್ ಸ್ವರ್ಗದಲ್ಲಿದ್ದ. ಎಡಕ್ಕೆ ಅರಿಸಿನ ಬಣ್ಣದ ಇಳಿಜಾರು, ಬಲಕ್ಕೆ ಹೆಪ್ಪುಗಟ್ಟಿದ ಕರೀ ಲಾವಾ. ನೆಲದ ಬಿರುಕುಗಳಿಂದ ಹಬೆ ಬುಸುಗುಡುತ್ತಿತ್ತು, ಒಳಗೆ ಯಾರೋ ಮದುವೆ ಮನೆಗೆ ಅಡಿಗೆಗೆ ಇಟ್ಟಂತೆ. ಕೊಳೆತ ಮೊಟ್ಟೆಯಂಥ ಗಂಧಕದ ವಾಸನೆಯನ್ನು ಅವನು ಎದೆತುಂಬ ಎಳೆದುಕೊಂಡ. ದೂರು ಹೇಳುವವರಿಲ್ಲ, ಅಪಸ್ವರವಿಲ್ಲ. ಸಂತೋಷ ತಡೆಯಲಾರದೆ ಕೂಗಿದ:

"ಯಾರೂ ಇಲ್ಲ!"

"ನಾನಿದ್ದೀನಿ!" ಅಂದಿತು ಹಿಂದಿನಿಂದ ಒಂದು ಇಂಗ್ಲಿಷ್ ದನಿ.

ದೀಪದ ಕಂಬದಷ್ಟು ಎತ್ತರದ ಡಚ್ಚರವನೊಬ್ಬ ಓಡಿಬಂದ. ಹೆಸರು ಯೋರಿಸ್, ಶಾಲಾ ಮೇಷ್ಟ್ರು. "ನಾನು ಒಬ್ಬನೇ ಪ್ರವಾಸಕ್ಕೆ ಬಂದಿದ್ದೀನಿ," ಎಂದು ಹೆಮ್ಮೆಯಿಂದ ಹೇಳಿ ಪಕ್ಕದಲ್ಲೇ ಹೆಜ್ಜೆ ಹಾಕಿದ. ಅಷ್ಟರಲ್ಲಿ ಬೆಟ್ಟದ ಮೇಲಿಂದ ಮಂಜು ಒದ್ದೆ ಕಂಬಳಿಯಂತೆ ಇಳಿಯಿತು. ದಾರಿ ತೋರಿಸುವ ಮರದ ಗೂಟಗಳು ಒಂದೊಂದಾಗಿ ಮಾಯವಾದವು. ಯೋರಿಸನ ಹೆಮ್ಮೆಯೂ ಮಾಯವಾಯಿತು.

"ನಿಮ್ಮ ಕೋಟು ನೋಡಿದ್ರೇ ಗೊತ್ತಾಗುತ್ತೆ. ನೀವು ಈ ಬೆಟ್ಟದ ಮಾರ್ಗದರ್ಶಿ, ಅಲ್ವಾ?"

ಅಲ್ಲ ಎನ್ನಬೇಕಿತ್ತು. ಒಂದೇ ಒಂದು ಪದ. ಆದರೆ ಯಾರಾದರೂ ಅಷ್ಟು ಭಕ್ತಿಯಿಂದ ಓಡ್ಡುರನ ಮುಖ ನೋಡಿ ಎಷ್ಟೋ ಕಾಲವಾಗಿತ್ತು. ಆರ್ಗನ್ ನುಡಿಸುವವನ ಬೆನ್ನನ್ನಷ್ಟೇ ಜನ ನೋಡುವುದು.

"ನಾನು ಇಲ್ಲಿಯವನೇ," ಅಂದ ಗಂಭೀರವಾಗಿ. ಮಾತೇನೋ ಸುಳ್ಳಲ್ಲ; ಇಲ್ಲಿ ಎಂದರೆ ಇನ್ನೂರು ಕಿಲೋಮೀಟರ್ ಆಚೆ, ಅಷ್ಟೇ.

ಮಂಜಿನಲ್ಲಿ ಕಿತ್ತಳೆ ಕೋಟು ದೀಪಸ್ತಂಭದಂತೆ ಹೊಳೆಯಿತು. ದಾರಿ ಕಾಣದವರೆಲ್ಲ ಅತ್ತಲೇ ಬಂದರು. ಸ್ಪೇನಿನ ದಂತವೈದ್ಯೆಯೊಬ್ಬಳು, ಒಬ್ಬಳೇ ಬಂದವಳು. ಜರ್ಮನಿಯ ಬೇಕರಿಯವನೊಬ್ಬ, ಒಬ್ಬನೇ ಬಂದವನು. ಹೀಗೆ ಏಕಾಂತ ಹುಡುಕಿಕೊಂಡು ಬಂದ ಹನ್ನೊಂದು ಮಂದಿ ಅರ್ಧ ಗಂಟೆಯಲ್ಲಿ ಓಡ್ಡುರನ ಹಿಂದೆ ಬಾತುಕೋಳಿಗಳಂತೆ ಸಾಲುಗಟ್ಟಿದರು. ಕೊನೆಗೆ ಅರವತ್ತರ ಆಸುಪಾಸಿನ, ಹಸಿರು ಟೋಪಿಯ ಹೆಂಗಸೊಬ್ಬಳು ಬಂದು ಸೇರಿದಳು. ಈಕೆ ಮಾತ್ರ ಐಸ್‌ಲ್ಯಾಂಡಿನವಳೇ.

"ನೋಡಪ್ಪ, ನೀನು ಹೋಗ್ತಿರೋದು…" ಎಂದು ಆಕೆ ಬಾಯಿ ತೆಗೆದಳು.

"ಸಾಲು ಬಿಡ್ಬೇಡಮ್ಮ! ಹಿಂದೆ ಹೋಗು!" ಎಂದು ಓಡ್ಡುರ್ ಗದರಿದ. ತನ್ನ ಭಾಷೆ ಬಲ್ಲವಳಿಂದ ಬಂಡವಾಳ ಬಯಲಾದೀತೆಂಬ ಭಯ. ಆಕೆ ಇನ್ನೊಮ್ಮೆ ಬಾಯಿ ತೆಗೆದಾಗ, "ಮಾತು ಬೇಡ!" ಎಂದ. ಆಕೆ ಹುಬ್ಬೇರಿಸಿ, ಸಾಲಿನ ಬಾಲಕ್ಕೆ ಹೋಗಿ ನಿಂತಳು.

ಅಲ್ಲಿಂದ ಶುರುವಾಯಿತು ಹಸಿರು ಟೋಪಿಯ ಕಾಟ.

ಓಡ್ಡುರ್ ಧೈರ್ಯವಾಗಿ ಎಡಕ್ಕೆ ಇಳಿಯುತ್ತಿದ್ದ. "ಅಯ್ಯೋ, ನನ್ನ ಕೈಗವಸು ಬಿತ್ತು!" ಎಂದು ಆಕೆ ಕಿರುಚಿ ಬಲಕ್ಕೆ ಓಡಿದಳು. ಮರುಕದ ದಂತವೈದ್ಯೆ ಹಿಂದೆಯೇ ಓಡಿದಳು, ಮಿಕ್ಕವರೂ ಓಡಿದರು. ಕೈಗವಸು ಸಿಕ್ಕಿತು, ಅದರ ಪಕ್ಕದಲ್ಲೇ ಒಂದು ಮರದ ಗೂಟ ನಿಂತಿತ್ತು.

"ನಾನು ಇಲ್ಲಿಗೇ ಬರ್ತಾ ಇದ್ದೆ," ಅಂದ ಓಡ್ಡುರ್.

ಹೊಳೆಯ ಹತ್ತಿರ ಅವನು ಬೂಟು ಬಿಚ್ಚಿ ನೀರಿಗೆ ಕಾಲಿಡುವಷ್ಟರಲ್ಲಿ, ಆಕೆ ಮೂವತ್ತು ಮಾರು ಮೇಲಕ್ಕೆ ಹೋಗಿ "ಕಾಲು ಹಿಡ್ಕೊಂಡ್ತು" ಎಂದು ಕೂತುಬಿಟ್ಟಳು. ಎತ್ತಲು ಹೋದವರಿಗೆ ಅಲ್ಲೊಂದು ಹಲಗೆಯ ಸೇತುವೆ ಕಂಡಿತು. "ಅದೃಷ್ಟ ಅಂದ್ರೆ ಇದು," ಎಂದು ಬೇಕರಿಯವನು ಮೆಚ್ಚಿಕೊಂಡ. "ಅನುಭವ ಅನ್ನಿ," ಎಂದು ಯೋರಿಸ್ ತಿದ್ದಿದ. ಓಡ್ಡುರ್ ಒಂದೇ ಬೂಟು ಹಾಕಿಕೊಂಡು ವಿನಯದಿಂದ ತಲೆ ತಗ್ಗಿಸಿದ.

ಹಿಮದ ಏರಿನಲ್ಲಂತೂ ಆಕೆ ದೂರ ಹೋಗಿ ನಿಂತು ಗಟ್ಟಿಯಾಗಿ ಹಾಡತೊಡಗಿದಳು. ಅದೂ ಅರ್ಧ ಸ್ವರ ಕೆಳಗೆ! ಸಾಲಿಗೆ ಸಾಲೇ ಆ ಕಡೆ ವಾಲಿತು. ದಾರಿ ತಪ್ಪಿದ್ದನ್ನು ಓಡ್ಡುರ್ ಸಹಿಸಬಲ್ಲ, ಸ್ವರ ತಪ್ಪಿದ್ದನ್ನು ಸಹಿಸಲಾರ. ಬುಸುಗುಡುತ್ತ ಹೋಗಿ, ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಹಾರಾಡಿದ.

"ಬೆಟ್ಟ ಅಂದ್ರೆ ಹುಡುಗಾಟ ಅಂದ್ಕೊಂಡ್ಯಾ? ದಾರಿ ಗೊತ್ತಿಲ್ದೋರು ತೆಪ್ಪಗೆ ಮನೇಲಿರ್ಬೇಕು! ನಿನ್ನಂಥ ಒಬ್ಬಳಿಂದ ಹನ್ನೊಂದು ಜನರ ಜೀವ ಹೋಗುತ್ತೆ!"

"ನಿಜ," ಅಂದಳು ಆಕೆ ತಣ್ಣಗೆ. "ಒಬ್ರಿಂದ ಹನ್ನೊಂದು ಜನರ ಜೀವ ಹೋಗುತ್ತೆ."

ಸಂಜೆ ಐದಕ್ಕೆ ಮಂಜಿನೊಳಗಿಂದ ತಂಗುಮನೆಯ ಕೆಂಪು ಮಾಡು ಮೂಡಿಬಂತು. ಚಪ್ಪಾಳೆಯೋ ಚಪ್ಪಾಳೆ. ದಂತವೈದ್ಯೆ ಕಣ್ಣೊರೆಸಿಕೊಂಡಳು. ಯೋರಿಸ್ ಓಡ್ಡುರನನ್ನು ಚೀಲ ಸಮೇತ ತಬ್ಬಿ ಎತ್ತಿದ. ಇಳಿದ ಓಡ್ಡುರ್ ಕೋಟಿನ ಕಾಲರು ನೆಟ್ಟಗೆ ಮಾಡಿಕೊಂಡು ಬಾಗಿಲು ಬಡಿದ. "ಯಾರಿದ್ದೀರಿ ಒಳಗೆ? ಬಾಗಿಲು ತೆಗೀರಿ!"

"ಒಳಗೆ ಯಾರೂ ಇಲ್ಲ. ಸ್ವಲ್ಪ ಜರುಗು," ಎಂದಿತು ಹಿಂದಿನಿಂದ ದನಿ.

ಹಸಿರು ಟೋಪಿಯವಳು ಕೊರಳಲ್ಲಿದ್ದ ದಾರ ಎಳೆದು ಬೀಗದಕೈ ತೆಗೆದಳು. ಬಾಗಿಲು ತೆರೆದು, ಒಲೆ ಹೊತ್ತಿಸಿ, ಮೇಜಿನ ಹಿಂದೆ ಕೂತು ದಪ್ಪ ಪುಸ್ತಕ ಬಿಡಿಸಿದಳು.

"ನನ್ನ ಹೆಸರು ಐದಿಸ್. ಹದಿನೇಳು ಬೇಸಿಗೆಯಿಂದ ಈ ಮನೆಯ ಉಸ್ತುವಾರಿ ನಂದೇ. ಹೆಸರು ಹೇಳು."

ಓಡ್ಡುರನಿಗೆ ಹೆಸರು ಮರೆತುಹೋಗಿತ್ತು. ಮಿಕ್ಕವರೆಲ್ಲ ಒಲೆಯ ಸುತ್ತ ಕಾಲುಚೀಲ ಹಿಂಡುತ್ತಿದ್ದರು. ಅವನು ತಮ್ಮಿಬ್ಬರ ಭಾಷೆಯಲ್ಲಿ ಪಿಸುಗುಟ್ಟಿದ. "ಮೊದ್ಲೇ ಹೇಳ್ಬಾರ್ದಿತ್ತಾ?"

"ಎರಡು ಸಲ ಬಾಯಿ ತೆಗೆದೆ. ನೀನೇ ಮಾತು ಬೇಡ ಅಂದೆ. ಸರಿ, ಹಿಂದಿನಿಂದ್ಲೇ ದನ ಹೊಡ್ಕೊಂಡು ಬರೋಣ ಅಂತ ಬಂದೆ. ಕೈಗವಸು ಬಿತ್ತು ಅಂತ ನಾನು ಕೂಗಿದ ಜಾಗದಿಂದ ಎಡಕ್ಕೆ ಇನ್ನು ಹತ್ತು ಹೆಜ್ಜೆ ಇಟ್ಟಿದ್ರೆ ಏನಿತ್ತು ಗೊತ್ತಾ? ಕುದಿಯೋ ಕೆಸರಿನ ಹೊಂಡ. ನೀನು ಎಲ್ಲರನ್ನೂ ಬೇಯಿಸಿ ಬಡಿಸ್ತಿದ್ದೆ."

ಓಡ್ಡುರ್ ಅಲ್ಲಿದ್ದ ಬೆಂಚಿನ ಮೇಲೆ ಕುಸಿದ. ಹನ್ನೊಂದು ಮುಖಗಳನ್ನೂ ಒಂದೊಂದಾಗಿ ನೋಡಿದ.

"ತಪ್ಪಾಯ್ತು ತಾಯಿ. ಬೆಳಿಗ್ಗೆ ಎದ್ದು ಸದ್ದಿಲ್ದೆ ವಾಪಸ್ಸು ಹೊರಟುಹೋಗ್ತೀನಿ."

"ಅದು ಹೇಗೆ ಆಗುತ್ತೆ? ಇನ್ನೂ ಮೂರು ದಿನ ಮಂಜು ಅಂತ ರೇಡಿಯೋದಲ್ಲಿ ಹೇಳಿದ್ದಾರೆ. ಇಂಥಾದ್ರಲ್ಲಿ ಯಾರನ್ನೂ ಒಂಟಿಯಾಗಿ ಬಿಡೋ ಹಾಗಿಲ್ಲ. ಸಾಲಿನಲ್ಲೇ ಹೋಗ್ಬೇಕು." ಆಕೆ ಬರೆದದ್ದನ್ನು ತಿರುಗಿಸಿ ತೋರಿಸಿದಳು: ಕಿತ್ತಳೆ ಕೋಟು ಮತ್ತು ಹನ್ನೊಂದು ಮಂದಿ.

"ನೀನೇ ಕರ್ಕೊಂಡು ಹೋಗು!"

"ನನ್ನ ಹಿಂದೆ ಯಾರು ಬರ್ತಾರೆ? ಮನೇಲಿರ್ಬೇಕಾದೋಳು ಅಂತ ಇಂಗ್ಲಿಷಿನಲ್ಲೇ ಸಾರಿದ್ದೀಯಲ್ಲ. ಆಗಿನಿಂದ ಆ ದಂತವೈದ್ಯೆ ನನ್ನ ಕೈ ಹಿಡ್ಕೊಂಡು ನಡೆಸ್ತಿದ್ಲು. ಭಯ ಬೇಡ. ಮುಂದಿನ ತಂಗುಮನೆಯ ಉಸ್ತುವಾರಿ ನನ್ನ ತಮ್ಮನೇ. ಈಗ್ಲೇ ಫೋನ್ ಮಾಡ್ತೀನಿ, ಬೆಳಿಗ್ಗೆ ಬಂದು ಸಾಲಿನ ಕೊನೇಲಿ ನಿಲ್ತಾನೆ. ನೀನು ದಾರಿ ತಪ್ಪಿದಾಗ ಕೆಮ್ತಾನೆ. ಕೆಮ್ಮು ಕೇಳಿದ್ರೆ ಬಲಕ್ಕೆ ತಿರುಗು. ನಿನ್ನ ಮರ್ಯಾದೆಯೂ ಉಳೀತು, ಅವರ ಜೀವವೂ ಉಳೀತು."

ಆ ರಾತ್ರಿ ಓಡ್ಡುರನಿಗೆ ನಿದ್ದೆ ಬಂತೋ ಇಲ್ಲವೋ, ಅಂತೂ ಬೆಳಗಾಯಿತು. ಹನ್ನೊಂದು ಮಂದಿ ಚೀಲ ಹೊತ್ತು ಬಾಗಿಲಲ್ಲಿ ಸಿದ್ಧ. ಐದಿಸಳ ತಮ್ಮ ಹೇಳಿದ ಹೊತ್ತಿಗೆ ಮಂಜಿನೊಳಗಿಂದ ಬಂದ. ಮೂಗು ಕೆಂಪು, ಕುತ್ತಿಗೆಗೆ ಎರಡು ಸುತ್ತು ಉಣ್ಣೆಯ ಪಟ್ಟಿ. ಪಾಪ, ಮೂರು ದಿನದಿಂದ ಕೆಟ್ಟ ನೆಗಡಿ, ನಿಲ್ಲದ ಕೆಮ್ಮಂತೆ.

ಹತ್ತು ಗಂಟೆಗೆ ಐದಿಸ್ ಕಾಫಿಯ ಲೋಟ ಹಿಡಿದು ಬಾಗಿಲಿಗೆ ಬಂದಳು. ಒಳ್ಳೇ ಶಿಸ್ತಿನಲ್ಲಿ, ಒಬ್ಬರ ಹಿಂದೊಬ್ಬರು, ಕಿತ್ತಳೆ ಕೋಟಿನ ಹಿಂದೆ ಆ ಸಾಲು ತಂಗುಮನೆಯನ್ನು ಮೂರನೇ ಸಲ ಸುತ್ತುತ್ತಿತ್ತು.